ಕೌದಿಯೊಳಗಿನ ಬೆಳಕು

ರಾತ್ರಿ ಒಂಬತ್ತೂವರೆ. ದುಂಡಸಿಯ ಒಂದು ಮನೆಯ ಪಡಸಾಲೆಯಲ್ಲಿ ನಿಮಗೆ ಹಾಸಿಕೊಟ್ಟಿದ್ದಾರೆ. ಕೆಳಗೊಂದು ಚಾಪೆ, ಅದರ ಮೇಲೊಂದು ಕೌದಿ, ಹೊದೆಯಲು ಇನ್ನೊಂದು ಕೌದಿ. ಹೊದೆಯುವುದು ಹಳೆಯದು. ಈ ಮನೆಯ ಅಜ್ಜಿ, ಆಯಿಯ ಇಳಕಲ್ ಸೀರೆಯ ದಡಿ, ಯಾರದೋ ಶಾಲೆಯ ಖಾಕಿ ಚಡ್ಡಿ, ಒಂದು ಕಾಲಕ್ಕೆ ಕುಪ್ಪಸವಾಗಿದ್ದ ಹಸಿರು ಖಣ, ಎಲ್ಲ ತುಂಡು ತುಂಡಾಗಿ ಅಕ್ಕಿಕಾಳಿನಷ್ಟು ಉದ್ದದ ಹೊಲಿಗೆಗಳಲ್ಲಿ ಕೂಡಿಕೊಂಡಿವೆ. ಗಲ್ಲದವರೆಗೆ ಎಳೆದುಕೊಂಡರೆ ಒಲೆಯ ಹೊಗೆಯ ವಾಸನೆ. ಒಳಗೆ ಪಾತ್ರೆ ತಿಕ್ಕುವ ಸದ್ದು ಇನ್ನೂ ನಿಂತಿಲ್ಲ. ಆಯಿ ಮಾತ್ರ ಎಂಟಕ್ಕೇ ಗೋಡೆಯ ಕಡೆ ಮುಖ ಮಾಡಿ ಮಲಗಿದವಳು, ಆಗಲೇ ಅರ್ಧ ರಾತ್ರಿ ಉಂಡು ತೇಗಿದವಳ ಹಾಗೆ ಗೊರಕೆ ಹೊಡೆಯುತ್ತಿದ್ದಾಳೆ.

ನಿಮ್ಮ ಎಡಕ್ಕೆ, ಎರಡು ಮಾರು ಆಚೆ, ಹತ್ತನೇ ಇಯತ್ತೆಯ ಹುಡುಗ. ಹೆಸರು ಬೇಡ. ಶಿಗ್ಗಾಂವಿ ತಾಲೂಕಿನ ಯಾವ ಊರಿನ ಯಾವ ಓಣಿ ಹೊಕ್ಕರೂ ಇಂಥವನೊಬ್ಬ ಸಿಗುತ್ತಾನೆ. ಫೆಬ್ರುವರಿ ಅರ್ಧ ಕಳೆದಿದೆ, ಎಸ್ಸೆಸ್ಸೆಲ್ಸಿ ಪರೀಕ್ಷೆ ಕಣ್ಣೆದುರಿಗೇ ಇದೆ. ಹಗಲಿನ ಬಿಸಿಲು ಚುರುಕಾಗಿದೆ, ರಾತ್ರಿ ಮಾತ್ರ ಇನ್ನೂ ಕೌದಿ ಕೇಳುತ್ತದೆ.

"ಮೊಬೈಲ್ ಇಟ್ಟು ಮಕ್ಕೊ. ನಸಿಕಿನ್ಯಾಗ ಸರ್ ಫೋನ್ ಮಾಡ್ತಾರ," ಅಡುಗೆಮನೆಯಿಂದ ಅವ್ವನ ದನಿ.

ಅವನು ಇಡುತ್ತಾನೆ. ಇಡುವುದೆಂದರೆ ದಿಂಬಿನ ಕೆಳಗೆ. ಅದಕ್ಕಿಂತ ದೂರ ಇಡುವ ಹಾಗೂ ಇಲ್ಲ. ಪರೀಕ್ಷೆ ಹತ್ತಿರ ಬಂದಾಗ ಬೆಳಗಿನ ಐದಕ್ಕೆ ಮೇಷ್ಟ್ರೇ ಮಕ್ಕಳಿಗೆ ಫೋನ್ ಮಾಡಿ ಎಬ್ಬಿಸಿ ಓದಲು ಕೂರಿಸುವುದು ಈಗ ನಮ್ಮ ಕಡೆ ಎಷ್ಟೋ ಶಾಲೆಗಳ ರೂಢಿ. ಪತ್ರಿಕೆಗಳಲ್ಲಿ ಅದನ್ನು ಹೊಗಳಿ ಬರೆಯುತ್ತಾರೆ. ಹೊಗಳಬೇಕಾದದ್ದೇ, ತಮ್ಮ ನಿದ್ದೆ ಕೆಡಿಸಿಕೊಂಡು ಪರರ ಮಗನನ್ನು ಎಬ್ಬಿಸುವವರು ಎಷ್ಟು ಮಂದಿ ಇದ್ದಾರು? ಆದರೆ ಈ ರಾತ್ರಿ ಪೂರ್ತಿ ನೀವು ಈ ಹುಡುಗನ ಪಕ್ಕದಲ್ಲಿ ಮಲಗಲಿದ್ದೀರಿ. ಐದು ಗಂಟೆ ಎನ್ನುವುದನ್ನು ನೆನಪಿಟ್ಟುಕೊಳ್ಳಿ.

ಹತ್ತು ಗಂಟೆ. ದೀಪ ಆರಿದೆ. ಹುಡುಗ ಮಗ್ಗಲು ಬದಲಿಸುತ್ತಾನೆ. ಬೆನ್ನ ಮೇಲೆ, ಎಡಕ್ಕೆ, ಬಲಕ್ಕೆ, ಮತ್ತೆ ಬೆನ್ನ ಮೇಲೆ. ಕಣ್ಣಿಗೆ ಕಣ್ಣು ಹತ್ತುತ್ತಿಲ್ಲ. ಹಟವೆಂದು ತಿಳಿಯಬೇಡಿ. ಅವನ ಮೈಯಲ್ಲಿ ಇನ್ನೂ ಸಂಜೆ. ಕತ್ತಲಾದ ಮೇಲೆ ಮಿದುಳಿನ ಪೀನಿಯಲ್ ಗ್ರಂಥಿಯಿಂದ ಮೆಲಟೋನಿನ್ ರಸ ಇಳಿಯುತ್ತದೆ, ರಾತ್ರಿಯಾಯಿತೆಂದು ಇಡೀ ಮೈಗೆ ಡಂಗುರ ಸಾರುವುದು ಅದರ ಕೆಲಸ. ಹರೆಯ ಹತ್ತುತ್ತಿದ್ದಂತೆ ಆ ಡಂಗುರ ಒಂದೆರಡು ತಾಸು ತಡವಾಗಿ ಏಳುತ್ತದೆ. ಹೊತ್ತು ಹೋದಂತೆ ಎಚ್ಚರದ ತಲೆಯಲ್ಲಿ ಕೂಡುವ ನಿದ್ದೆಯ ಭಾರವೂ ಈ ವಯಸ್ಸಿಗೆ ನಿಧಾನ. ಹೆಣ್ಣುಮಕ್ಕಳಲ್ಲಿ ಇದು ಸ್ವಲ್ಪ ಮೊದಲೇ ಶುರುವಾಗಿ ಮೊದಲೇ ತಿರುಗುತ್ತದೆ. ಇಪ್ಪತ್ತರ ಸುಮಾರಿಗೆ ಗಡಿಯಾರ ಮತ್ತೆ ಹಿಂದಕ್ಕೆ ಸರಿಯತೊಡಗುತ್ತದೆ. ಅಲ್ಲಿಯವರೆಗೆ ಹತ್ತಕ್ಕೆ ಮಲಗು ಎಂದು ಈ ಹುಡುಗನಿಗೆ ಹೇಳುವುದೂ ಎಂಟಕ್ಕೆ ಮಲಗಿ ಎಂದು ನಿಮಗೆ ಹೇಳುವುದೂ ಹೆಚ್ಚುಕಡಿಮೆ ಒಂದೇ.

ಹತ್ತೂವರೆಯ ಹೊತ್ತಿಗೆ ಅವನ ಕೌದಿ ಒಳಗಿನಿಂದ ಹೊತ್ತಿಕೊಳ್ಳುತ್ತದೆ. ತಲೆಯ ಮೇಲೆ ಗುಡಾರದ ಹಾಗೆ ಹೊದ್ದುಕೊಂಡಿದ್ದಾನೆ, ಒಳಗೆ ಮೊಬೈಲು. ಬಟ್ಟೆ ತೆಳುವಾಗಿ ಸವೆದಲ್ಲೆಲ್ಲ ಬೆಳಕು ಹೊರಬರುತ್ತದೆ: ಒಂದು ಕೆಂಪು ಚೌಕ, ಒಂದು ಹಸಿರು ಚೌಕ, ಹೂವಿನ ಚಿತ್ತಾರವಿದ್ದ ವಾಯಿಲ್ ಸೀರೆಯ ತುಂಡಿನಲ್ಲಿ ನಾಲ್ಕು ಹೂ. ಚಿತ್ರ ಬದಲಾದಂತೆ ಚೌಕಗಳು ಮಿನುಗುತ್ತವೆ. ನೋಡಲು ಚಂದವೇ ಇದೆ, ಸುಳ್ಳೇಕೆ ಹೇಳಲಿ.

ಆ ಬೆಳಕಿನಲ್ಲಿ ನೀಲಿ ಹೆಚ್ಚು. ನಮ್ಮ ಕಣ್ಣಿನ ಹಿಂಪರದೆಯಲ್ಲಿ ಚಿತ್ರ ಕಾಣಿಸುವ ಗೊಡವೆಗೆ ಹೆಚ್ಚು ಹೋಗದೆ, ಬರೀ ಹಗಲೋ ರಾತ್ರಿಯೋ ಎಂದು ಮಿದುಳಿಗೆ ಸುದ್ದಿ ಮುಟ್ಟಿಸುವ ಜೀವಕೋಶಗಳಿವೆ. 2002ರಲ್ಲಿ ವಿಜ್ಞಾನಿಗಳು ಅವನ್ನು ಖಚಿತಪಡಿಸಿದರು. ನೀಲಿ ಬಿದ್ದರೆ ಅವು ಹಗಲೆನ್ನುತ್ತವೆ. ಆದರೂ ಎಲ್ಲ ತಪ್ಪನ್ನೂ ನೀಲಿ ಬೆಳಕಿನ ತಲೆಗೆ ಕಟ್ಟುವುದು ಸೋಮಾರಿ ವಾದ. ಅಂಗೈಯಗಲದ ಪರದೆಯ ಬೆಳಕಿಗಿಂತ ಅದರಲ್ಲಿ ಬರುವುದೇ ಹೆಚ್ಚು ಕೆಲಸ ಮಾಡುತ್ತದೆ. ಇವನು ನೋಡುತ್ತಿರುವುದು ಅರ್ಧ ಕ್ರಿಕೆಟ್ಟು, ಅರ್ಧ ಲೆಕ್ಕದ ಪಾಠ, ನಡುವೆ ಗೆಳೆಯರ ಗುಂಪಿನಲ್ಲಿ ಯಾರೋ ಕೇಳಿದ ಪ್ರಶ್ನೆ: "ನೀ ಎಷ್ಟ್ ಚಾಪ್ಟರ್ ಮುಗಿಸಿದಿ?" ಆ ಪ್ರಶ್ನೆಗೆ ಯಾವ ಬಣ್ಣವೂ ಇಲ್ಲ. ಅದನ್ನು ಓದಿದ ಮೇಲೆ ಅವನ ಉಸಿರು ಬದಲಾದದ್ದು ನಿಮಗೆ ಇಲ್ಲಿಗೆ ಕೇಳಿಸಿತು.

ಹನ್ನೊಂದೂ ಕಾಲು. ಹಿತ್ತಲ ಬಾಗಿಲಲ್ಲಿ ಬ್ಯಾಟರಿಯ ಬೆಳಕು.

"ಕರೆಂಟ್ ಬಂತು. ನಡೀಲೇ."

ಹುಡುಗ ಒಂದೇ ಏಟಿಗೆ ಎದ್ದು ನಿಲ್ಲುತ್ತಾನೆ, ನಿದ್ದೆಯೇ ಬಂದಿರಲಿಲ್ಲವಲ್ಲ. ನೀವೂ ಹೊರಡಿ.

ಪಂಪ್‌ಸೆಟ್ಟಿಗೆ ದಿನಕ್ಕೆ 7 ತಾಸು ತ್ರೀ ಫೇಸ್ ಎನ್ನುವುದು ರಾಜ್ಯದ ಲೆಕ್ಕ. ಆ ಏಳು ತಾಸು ಹಗಲಲ್ಲೇ ಬರಬೇಕೆಂದೇನೂ ಇಲ್ಲ. ಪಾಳಿಯ ಮೇಲೆ ಬರುತ್ತದೆ, ಈ ವಾರ ಇವರದು ರಾತ್ರಿ ಪಾಳಿ. ಬೈಕಿನಲ್ಲಿ ಮೂವರು. ಊರಿನ ಕೊನೆಯ ಕಂಬದ ದೀಪ ಹಿಂದೆ ಬಿದ್ದ ಮೇಲೆ ಗಾಳಿ ತಣ್ಣಗಾಗುತ್ತದೆ, ಹೊಗೆಯ ವಾಸನೆ ಹೋಗಿ ಒದ್ದೆ ಮಣ್ಣಿನದು ಬರುತ್ತದೆ. ಅತ್ತ ಮುಂಡಗೋಡದ ಕಡೆ ಕಾಡಿನ ಕಪ್ಪು ಗೆರೆ. ಕಾಡಂಚಿನ ಹೊಲವೆಂದರೆ ಹಂದಿಯ ಕಾಟ, ಅದಕ್ಕೇ ಅಪ್ಪನಿಗೆ ಜತೆ ಬೇಕು. ಸ್ಟಾರ್ಟರ್ ಪೆಟ್ಟಿಗೆಯಲ್ಲಿ ಟಕ್ ಎಂದು ಸದ್ದು, ಆಮೇಲೆ ಬೋರಿನ ಪೈಪು ಎರಡು ಸಲ ಕೆಮ್ಮಿ ನೀರು ಕಾರುತ್ತದೆ. ಬೇಸಿಗೆಯ ಗೋವಿನಜೋಳ ಮೊಣಕಾಲೆತ್ತರ ಬಂದಿದೆ.

ಅಪ್ಪ ಸಲಿಕೆಯಿಂದ ಒಂದು ಮಡಿಯ ಬಾಯಿ ಒಡೆಯುತ್ತಾನೆ, ತುಂಬಿದ ಮೇಲೆ ಅದನ್ನು ಮುಚ್ಚಿ ಮುಂದಿನದನ್ನು ಒಡೆಯುತ್ತಾನೆ. ಹುಡುಗ ಬದುವಿನ ಮೇಲೆ ಬ್ಯಾಟರಿ ಹಿಡಿದು ನಿಂತು ಆಗಾಗ ಕತ್ತಲಿನ ಕಡೆ "ಹೋ" ಎಂದು ಕೂಗುತ್ತಾನೆ. ದೂರದ ಇನ್ನೊಂದು ಹೊಲದಿಂದ ಇನ್ನೊಂದು "ಹೋ" ಬರುತ್ತದೆ. ಆ ದನಿಯೂ ಒಡೆಯುತ್ತಿರುವ ದನಿಯೇ, ಹದಿನಾಲ್ಕೋ ಹದಿನೈದೋ ಇರಬೇಕು. ಚಪ್ಪಲಿ ಕೆಸರಿನಲ್ಲಿ ಹೂತಿದ್ದಕ್ಕೆ ಹುಡುಗ ಬರಿಗಾಲಲ್ಲಿ ನಿಂತಿದ್ದಾನೆ. ಬೋರಿನ ನೀರು ಮೊದಲು ಬೆಚ್ಚಗೆನಿಸುತ್ತದೆ, ಗಾಳಿ ತಾಗಿದ ಮೇಲೆ ಪಾದ ಕೊರೆಯುತ್ತದೆ. ಥರ್ಮಾಸಿನಿಂದ ಅಪ್ಪ ಚಹಾ ಬಗ್ಗಿಸಿ ಅರ್ಧ ಅವನಿಗೆ, ಅರ್ಧ ನಿಮಗೆ ಕೊಡುತ್ತಾನೆ.

ಆಗ ಹನ್ನೆರಡೂವರೆ. ಚಹಾದ ಕೆಫೀನ್ ಅರ್ಧ ಕರಗಲು ಸುಮಾರು ಐದು ತಾಸು. ಎಚ್ಚರವಿದ್ದಷ್ಟೂ ಮಿದುಳಿನಲ್ಲಿ ಕೂಡುತ್ತ ಹೋಗುವ ಅಡೆನೊಸಿನ್ ಎಂಬ ವಸ್ತು ಹೋಗಿ ಕೂರಬೇಕಾದ ಕುರ್ಚಿಯಲ್ಲಿ ಕೆಫೀನ್ ಮೊದಲೇ ಹೋಗಿ ಕೂತುಬಿಡುತ್ತದೆ. ದಣಿವು ಎಲ್ಲಿಗೂ ಹೋಗಿಲ್ಲ, ಬಾಗಿಲಲ್ಲಿ ನಿಂತು ಕಾಯುತ್ತಿರುತ್ತದೆ.

"ನೀ ಮನಿಗೆ ಹೋಗು. ನಾ ಮುಗಿಸಿ ಬರ್ತೇನಿ. ನಾಳೆ ನಿನಗ ಸಾಲಿ ಐತಿ," ಎನ್ನುತ್ತಾನೆ ಅಪ್ಪ. ತನಗೆ ನಾಳೆ ಏನಿದೆ ಎಂಬುದನ್ನು ಅವನು ಲೆಕ್ಕಕ್ಕೆ ಹಿಡಿಯುವುದಿಲ್ಲ.

ಒಂದೂಕಾಲಿಗೆ ಮತ್ತೆ ಪಡಸಾಲೆ. ಈಗ ಕತ್ತಲಿನಲ್ಲಿ ಇನ್ನೊಂದು ಸದ್ದು ಸೇರಿಕೊಂಡಿದೆ: ಒಳಕೋಣೆಯಲ್ಲಿ ತಂಗಿ ಕಾಲು ಒದರುತ್ತಿದ್ದಾಳೆ. ಎಂಟನೇ ಇಯತ್ತೆ. ಮಲಗಿದ ಕೂಡಲೇ ಮೀನಖಂಡದೊಳಗೆ "ಇರಿವಿ ಹರದಂಗ ಆಕ್ಕತಿ" ಅನ್ನುತ್ತಾಳೆ, ಆಡಿಸಿದರೆ ಆರಾಮ, ನಿಲ್ಲಿಸಿದರೆ ಮತ್ತೆ ಶುರು. ಅವ್ವ ಇದನ್ನು ಆಟದ ದಣಿವು ಎಂದುಕೊಂಡಿದ್ದಾಳೆ. ಹೀಗೆ ರಾತ್ರಿ ಕಾಲು ನಿಲ್ಲದವರಲ್ಲಿ ಎಷ್ಟೋ ಜನಕ್ಕೆ ಮೈಯಲ್ಲಿ ಕಬ್ಬಿಣದಂಶ ಕಡಿಮೆ ಇರುತ್ತದೆ. ಶಾಲೆಯಲ್ಲಿ ವಾರಕ್ಕೊಂದು ಕೊಡುವ ನೀಲಿ ಮಾತ್ರೆ ಕಬ್ಬಿಣದ್ದೇ. "ನುಂಗಿದ್ರ ವಾಂತಿ ಬಂದಂಗ ಆಕ್ಕತಿ" ಎಂದು ಹುಡುಗಿಯರು ಅದನ್ನು ಕಿಟಕಿಯಾಚೆ ಎಸೆಯುವುದುಂಟು. ಬೆಳಿಗ್ಗೆ ಇದೊಂದು ಮಾತನ್ನು ಅವ್ವನಿಗೆ ಹೇಳಿ ಹೋಗಬೇಕು, ರಕ್ತ ತಪಾಸಣೆ ಮಾಡಿಸಿರೆಂದು. ನೆನಪಿಟ್ಟುಕೊಳ್ಳಿ.

"ನಿದ್ದಿ ಬಂತ್ರಿ?" ಹುಡುಗ ಪಿಸುಗುಟ್ಟುತ್ತಾನೆ.

"ಇಲ್ಲ. ನಿನಗ?"

"ಹತ್ತವಲ್ದು." ಸ್ವಲ್ಪ ಹೊತ್ತು ಬಿಟ್ಟು, "ಹನ್ನೊಂದ್ ದಿನ ನಿದ್ದಿ ಮಾಡ್ಲಾರ್ದ ಒಬ್ಬಾವ ರೆಕಾರ್ಡ್ ಮಾಡ್ಯಾನಂತ, ರೀಲ್ಸ್‌ನ್ಯಾಗ ನೋಡೀನಿ. ಖರೇನ್ರಿ?"

ಖರೆ. ರ‍್ಯಾಂಡಿ ಗಾರ್ಡ್‌ನರ್, ಅಮೆರಿಕದ ಸ್ಯಾನ್ ಡಿಯಾಗೋ ಊರಿನವನು, ಆಗ 17 ವರ್ಷ. ಶಾಲೆಯ ವಿಜ್ಞಾನ ಮೇಳಕ್ಕೆಂದು 264 ತಾಸು ಎದ್ದೇ ಇದ್ದ, 1964ರ ಜನವರಿಯವರೆಗೆ. ನಿದ್ದೆಯ ಸಂಶೋಧಕ ವಿಲಿಯಂ ಡಿಮೆಂಟ್ ಬಂದು ಪಕ್ಕದಲ್ಲಿ ಕೂತು ನೋಡಿದರು. ಕೊನೆಗೆ ಮಲಗಿದವನು ಹದಿನಾಲ್ಕು ತಾಸಿನ ಮೇಲೆ ಎದ್ದ. ರೀಲ್ಸಿನಲ್ಲಿ ಇಷ್ಟಕ್ಕೇ ನಿಲ್ಲಿಸಿರುತ್ತಾರೆ. ಅವನಿಗೆ ವಯಸ್ಸಾದ ಮೇಲೆ ವರ್ಷಗಟ್ಟಲೆ ನಿದ್ದೆ ಬಾರದ ಕಾಯಿಲೆ ಹತ್ತಿತೆಂದು ಅವನೇ ಹೇಳಿಕೊಂಡಿದ್ದಾನೆ. ಅದು ಈ ಪ್ರಯೋಗದಿಂದಲೇ ಬಂತೆಂದು ಯಾರೂ ಸಾಬೀತು ಮಾಡಿಲ್ಲ. ಗಿನ್ನೆಸ್‌ನವರು ಈಗ ಇಂಥ ದಾಖಲೆ ತೆಗೆದುಕೊಳ್ಳುವುದನ್ನೇ ಬಿಟ್ಟಿದ್ದಾರೆ.

ಇದನ್ನೆಲ್ಲ ಕೇಳಿ ಅವನು ಸುಮ್ಮನಾಗುತ್ತಾನೆ. ಆಮೇಲೆ ನಿಜವಾದ ಪ್ರಶ್ನೆ ಬರುತ್ತದೆ, ಕೌದಿಯೊಳಗಿಂದಲೇ: "ನನಗ ಏನರ ಆಗೇತೇನ್ರಿ? ತಲಿ ಕೆಟ್ಟೈತೇನು?"

ಏನೆಂದು ಹೇಳುತ್ತೀರಿ? ಮಲಗಲು ಬೇಕಾದಷ್ಟು ಹೊತ್ತು, ಜಾಗ, ನಿಶ್ಶಬ್ದ ಎಲ್ಲ ಇದ್ದೂ ವಾರದಲ್ಲಿ ಮೂರು ರಾತ್ರಿಯಾದರೂ ನಿದ್ದೆ ಬಾರದೆ, ಅದು ಮೂರು ತಿಂಗಳು ಎಳೆದು, ಹಗಲಿನ ಬದುಕನ್ನೂ ಕೆಡಿಸಿದರೆ ವೈದ್ಯರು ಅದಕ್ಕೆ ದೀರ್ಘಕಾಲದ ನಿದ್ರಾಹೀನತೆ ಎನ್ನುತ್ತಾರೆ. ಇವನಿಗೆ ಮಲಗಲು ಯಾರು ಹೊತ್ತು ಕೊಟ್ಟಿದ್ದಾರೆ? ಆಚೆ ತುದಿಯಿಂದ ಹರೆಯದ ಗಡಿಯಾರ ಎಳೆಯುತ್ತಿದೆ, ಈಚೆ ತುದಿಯಿಂದ ಐದು ಗಂಟೆಯ ಫೋನು, ನಡುವಿನದನ್ನು ಬೋರಿನ ಕರೆಂಟು ಕಚ್ಚಿಕೊಂಡು ಹೋಯಿತು. ಆದರೆ ಬಾರದ ನಿದ್ದೆಗೆ ಕಾಯುತ್ತ ಹೆದರುವುದನ್ನು ಕಲಿತುಬಿಟ್ಟರೆ ಆ ಹೆದರಿಕೆಯೇ ಮುಂದೆ ಕಾಯಿಲೆಯಾಗಿ ಬೆಳೆಯಬಲ್ಲದು. ತಲೆ ಕೆಟ್ಟಿಲ್ಲ ಎಂದು ನೀವು ಹೇಳುತ್ತೀರಿ. ಮತ್ತೆ ಮತ್ತೆ ಹೀಗೇ ಆದರೆ, ಮನಸ್ಸು ಭಾರವಾದರೆ, 14416ಕ್ಕೆ ಫೋನ್ ಮಾಡು, ಟೆಲಿ ಮಾನಸ್, ದುಡ್ಡಿಲ್ಲ, ರಾತ್ರಿ ಎರಡಕ್ಕೂ ಎತ್ತುತ್ತಾರೆ, ಕನ್ನಡದಲ್ಲೇ ಮಾತಾಡುತ್ತಾರೆ ಎನ್ನುತ್ತೀರಿ. ಮೊಬೈಲಿನ ಚಟಕ್ಕೆಂದೇ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 2014ರಿಂದ ಒಂದು ಚಿಕಿತ್ಸಾಲಯವಿದೆ ಎಂದೂ ಹೇಳಬಹುದು. ಆದರೆ ಈ ಹುಡುಗನದು ಅಷ್ಟು ದೂರ ಹೋಗಿಲ್ಲ.

ಎರಡು ಗಂಟೆ. ಗುಂಗಾಡವೊಂದು ಕಿವಿಯ ಹತ್ತಿರ ಶ್ರುತಿ ಹಿಡಿದಿದೆ.

ಹತ್ತು ತಾಸು ಹಾಸಿಗೆ ಕೊಟ್ಟರೆ ಇವನು ಎಷ್ಟು ಮಲಗಿಯಾನು? ಇದನ್ನು ಅಳೆದು ನೋಡಿದವರಿದ್ದಾರೆ. 1970ರ ದಶಕದ ಕೊನೆಗೆ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಮೇರಿ ಕಾರ್ಸ್ಕಡನ್ ಎಂಬಾಕೆ ಮಕ್ಕಳಿಗೆ ನಿದ್ದೆಯ ಬೇಸಿಗೆ ಶಿಬಿರ ಮಾಡಿ, ತಲೆಗೆ ತಂತಿ ಅಂಟಿಸಿ, ಅವೇ ಮಕ್ಕಳನ್ನು ವರ್ಷ ವರ್ಷ ಕರೆಸಿ ಅಳೆದರು. ಬೆಳೆದಂತೆ ನಿದ್ದೆ ಕಡಿಮೆ ಸಾಕಾಗುತ್ತದೆ ಎಂಬುದು ಎಲ್ಲರ ಅಂದಾಜು. ಹಾಗಾಗಲಿಲ್ಲ. ಎಲ್ಲ ವಯಸ್ಸಿನವರೂ ಒಂಬತ್ತು ತಾಸಿನ ಆಸುಪಾಸಿಗೇ ಮಲಗಿದರು, ಅಷ್ಟು ಮಲಗಿದರೂ ದೊಡ್ಡ ಹುಡುಗರು ಮಧ್ಯಾಹ್ನ ಚಿಕ್ಕವರಿಗಿಂತ ಹೆಚ್ಚು ತೂಕಡಿಸಿದರು. 13ರಿಂದ 18ರವರಿಗೆ 8ರಿಂದ 10 ತಾಸು ಬೇಕೆಂದು ಅಮೆರಿಕದ ನಿದ್ರಾವೈದ್ಯರ ಅಕಾಡೆಮಿ 2016ರಲ್ಲಿ ಹೇಳಿತು. ಅಲ್ಲಿಯ ಮಕ್ಕಳ ತಜ್ಞರು ಅದಕ್ಕೂ ಮೊದಲೇ, 2014ರಲ್ಲಿ, ದೊಡ್ಡ ಮಕ್ಕಳ ಶಾಲೆ ಎಂಟೂವರೆಗಿಂತ ಮೊದಲು ತೆರೆಯಬೇಡಿ ಎಂದು ಕೂಗಿ ಹೇಳಿದರು. ಸಿಯಾಟಲ್ ನಗರ 2016ರಲ್ಲಿ 7.50ರ ಗಂಟೆಯನ್ನು 8.45ಕ್ಕೆ ಸರಿಸಿತು. ಮಕ್ಕಳಿಗೆ ರಾತ್ರಿಗೆ ಸರಾಸರಿ 34 ನಿಮಿಷ ಹೆಚ್ಚು ನಿದ್ದೆ ಸಿಕ್ಕಿತು.

ನಗು ಬರುವ ವಿಷಯವೆಂದರೆ, ಅವರು ಹೋರಾಡಿ ಪಡೆದದ್ದು ನಮ್ಮ ಹಳ್ಳಿಗಳ ಸರ್ಕಾರಿ ಪ್ರೌಢಶಾಲೆಗಳಲ್ಲಿ ಬಿಟ್ಟಿ ಇದೆ. ನಮ್ಮ ಗಂಟೆ ಹೊಡೆಯುವುದೇ ಹತ್ತರ ಸುಮಾರಿಗೆ. ಅದರ ಮುಂದೆ ವಿಶೇಷ ತರಗತಿ ಕಟ್ಟಿ, ಅದರ ಮುಂದೆ ಬಸ್ಸು ಕಟ್ಟಿ, ಅದರ ಮುಂದೆ ಐದು ಗಂಟೆಯ ಓದು ಕಟ್ಟಿ, ಆ ಬಿಟ್ಟಿ ಸಿಕ್ಕದ್ದನ್ನು ನಾವೇ ತಿಂದು ಮುಗಿಸಿದ್ದೇವೆ.

ಮೂರು ಗಂಟೆಗೆ ಗೊರಕೆ ನಿಲ್ಲುತ್ತದೆ. ಗೋಡೆಯ ಕಡೆಯಿಂದ ಬಳೆಯ ಸದ್ದು. ಆಯಿಯ ರಾತ್ರಿ ಮುಗಿಯಿತು.

ಈ ಮನೆಯಲ್ಲಿ ಸಂಜೆಯಿಂದ ಒಮ್ಮೆಯೂ ಎಲ್ಲರೂ ಒಟ್ಟಿಗೆ ಮಲಗಿಲ್ಲ ಎಂಬುದು ನಿಮಗೆ ಈಗ ಹೊಳೆಯುತ್ತದೆ. ಆಯಿ ಮಲಗಿದಾಗ ಹುಡುಗ ಎದ್ದಿದ್ದ, ಅವ್ವ ಮಲಗಿದಾಗ ಅಪ್ಪ ಹೊಲದಲ್ಲಿದ್ದ, ನಡುವೆ ತಂಗಿಯ ಕಾಲು. ಟಾಂಜಾನಿಯಾದ ಹಾಡ್ಜಾ ಬೇಟೆಗಾರರ 33 ಮಂದಿಯ ಕೈಗೆ ಅಳತೆಯ ಪಟ್ಟಿ ಕಟ್ಟಿ ಇಪ್ಪತ್ತು ದಿನ ನೋಡಿದರಂತೆ. ಎಲ್ಲರೂ ಏಕಕಾಲಕ್ಕೆ ನಿದ್ದೆಯಲ್ಲಿದ್ದದ್ದು ಎಲ್ಲ ಸೇರಿ 18 ನಿಮಿಷ. 2017ರಲ್ಲಿ ಪ್ರಕಟವಾದ ಅಧ್ಯಯನ. ಮುದುಕರು ಬೇಗ ಏಳುವುದು, ಹರೆಯದವರು ತಡವಾಗಿ ಮಲಗುವುದು ದೋಷವಿರಲಿಕ್ಕಿಲ್ಲ, ಗುಂಪಿಗೆ ಸದಾ ಒಬ್ಬ ಕಾವಲುಗಾರ ಇರಲೆಂದು ಬಂದ ಏರ್ಪಾಡಿರಬಹುದು ಎಂದು ಸಂಶೋಧಕರ ಊಹೆ. ಹೊಲದ ಬದುವಿನಿಂದ ಕೇಳಿದ ಆ ಎರಡು ಒಡೆದ ದನಿಯ "ಹೋ"ಗಳನ್ನು ನೆನೆದರೆ ಊಹೆ ಸುಲಭವಾಗಿ ಗಂಟಲಿಗಿಳಿಯುತ್ತದೆ.

"ಯಾಕಲೇ, ಇನ್ನೂ ಮಕ್ಕೊಂಡಿಲ್ಲೇನು?" ಆಯಿ ಕೂತಲ್ಲಿಂದಲೇ ಕೇಳುತ್ತಾಳೆ. ಚಿಂತೆ ಇಲ್ಲದವನಿಗೆ ಸಂತೆಯಲ್ಲೂ ನಿದ್ದೆ ಎಂದು ನಿನ್ನೆ ಸಂಜೆ ಇವನನ್ನೇ ಹಂಗಿಸಿದವಳು. ಈಗ ತೆವಳಿಕೊಂಡು ಬಂದು ಕೌದಿಯ ಕೆಳತುದಿ ಎತ್ತಿ ಪಾದ ಮುಟ್ಟುತ್ತಾಳೆ. "ಎವ್ವಾ! ಕಾಲು ಹೆಣದ್ದು ಆದಂಗ ಆಗ್ಯಾವು."

ಎದ್ದು ಒಳಗೆ ಹೋಗುತ್ತಾಳೆ. ಗ್ಯಾಸು ಹೊತ್ತಿದ ಸದ್ದು. ಸೌಟಿನಲ್ಲಿ ಬೆಚ್ಚಗಾದ ಔಡಲೆಣ್ಣೆ ಹಿಡಿದು ಬಂದು ಹುಡುಗನ ಪಾದ ತನ್ನ ತೊಡೆಯ ಮೇಲೆ ಎಳೆದುಕೊಳ್ಳುತ್ತಾಳೆ. ಹೊರಬಾಗಿಲ ಸಂದಿಯಿಂದ ಬಂದ ಬೀದಿದೀಪದ ಬೆಳಕಿನಲ್ಲಿ ಅವಳ ಹೆಬ್ಬೆರಳು ಕಾಣುತ್ತದೆ, ರೊಟ್ಟಿ ಬಡಿದು ಬಡಿದು ಅಗಲವಾದ ಹೆಬ್ಬೆರಳು. ಹಿಮ್ಮಡಿಯಿಂದ ಮೇಲಕ್ಕೆ, ಅಂಗಾಲಿನ ಕುಳಿಯಲ್ಲಿ ಒಂದು ಸುತ್ತು, ಬೆರಳುಗಳ ಸಂದಿಗೆ ಒಂದೊಂದು ಎಳೆತ. ಉಗುರಿನ ಅಂಚಿನಲ್ಲಿ ಉಳಿದಿದ್ದ ಹೊಲದ ಕೆಸರು ಎಣ್ಣೆಯಲ್ಲಿ ಕಲಸಿ ಬರುತ್ತದೆ, ಸೆರಗಿನಿಂದ ಒರೆಸುತ್ತಾಳೆ. ಮತ್ತೆ ಹಿಮ್ಮಡಿ. ಒಂದು ಮಾತಿಲ್ಲ.

1999ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್‌ನ ಸಂಶೋಧಕರು "ನೇಚರ್" ಪತ್ರಿಕೆಯಲ್ಲಿ ಒಂದು ಪುಟ್ಟ ಲೇಖನ ಬರೆದಿದ್ದರು, ಪಾದ ಬೆಚ್ಚಗಿದ್ದರೆ ನಿದ್ದೆ ಬೇಗ ಹತ್ತುತ್ತದೆ ಎಂದು. ಅಂಗಾಲು ಅಂಗೈಗಳ ರಕ್ತನಾಳ ಹಿಗ್ಗಿದರೆ ಒಳಮೈಯ ಕಾವು ಆ ದಾರಿಯಿಂದ ಹೊರಗೆ ಹೋಗುತ್ತದೆ, ಒಳಮೈ ತಂಪಾಗುವ ಆ ಇಳಿಜಾರಿನಲ್ಲೇ ಮಿದುಳು ನಿದ್ದೆಗೆ ಜಾರುತ್ತದೆ. ಬೋರಿನ ನೀರಿನಲ್ಲಿ ತಾಸಿನಷ್ಟು ಹೊತ್ತು ನೆಂದ ಪಾದ ಆ ಬಾಗಿಲನ್ನು ಮುಚ್ಚಿಕೊಂಡಿತ್ತು.

ಮೂರೂವರೆಗೆ ಹುಡುಗನ ಕೈಯಿಂದ ಮೊಬೈಲು ಚಾಪೆಯ ಮೇಲೆ ಜಾರುತ್ತದೆ. ಬಾಯಿ ತುಸು ತೆರೆದಿದೆ. ಆಯಿ ಇನ್ನೊಂದು ಪಾದವನ್ನೂ ಮುಗಿಸಿಯೇ ಏಳುತ್ತಾಳೆ. ಏಳುವಾಗ ಅವಳ ಮೊಣಕಾಲಿನಿಂದ ಲಟ್ ಎಂದು ಸದ್ದು.

ನೀವೂ ಜೋಂಪಿನಲ್ಲಿದ್ದಿರಿ. ಕಣ್ಣು ಬಿಟ್ಟಾಗ ನಾಲ್ಕೂ ಮುಕ್ಕಾಲು. ಹುಡುಗನ ರೆಪ್ಪೆಯ ಕೆಳಗೆ ಗುಡ್ಡೆಗಳು ಅತ್ತಿತ್ತ ಓಡುತ್ತಿವೆ, ಕನಸಿನ ನಿದ್ದೆ. ನಿದ್ದೆಯ ಗಾಢ ಪಾಲು ರಾತ್ರಿಯ ಮೊದಲರ್ಧಕ್ಕೆ, ಈ ಕಣ್ಣಾಡುವ ಪಾಲು ಹೆಚ್ಚಾಗಿ ಕೊನೆಯ ಭಾಗಕ್ಕೆ. ಹಗಲು ಓದಿದ್ದು ತಲೆಯಲ್ಲಿ ನೆಲೆಯಾಗಲು ಎರಡೂ ಬೇಕು. ಹಿಂದಿನ ದಿನ ಕಲಿತ ತ್ರಿಕೋನಮಿತಿಯನ್ನು ಗಟ್ಟಿ ಮಾಡಿಕೊಳ್ಳುತ್ತಿರುವ ಹೊತ್ತಿನಲ್ಲೇ ಅದನ್ನು ಓದಲು ಎಬ್ಬಿಸಬೇಕೆಂಬುದು ನಮ್ಮ ಲೆಕ್ಕ. ಬ್ರಾಹ್ಮೀ ಮುಹೂರ್ತದ ಓದು ತಲೆಗೆ ಹತ್ತುತ್ತದೆ ಎನ್ನುವವರೊಡನೆ ನನಗೆ ಜಗಳವಿಲ್ಲ, ಒಂಬತ್ತಕ್ಕೇ ಕಣ್ಣು ಹತ್ತಿದವರಿಗೆ ಹತ್ತೀತು.

ಹೊರಗೆ ಅಪ್ಪನ ಬೈಕು ಬಂದು ನಿಲ್ಲುತ್ತದೆ. ಅವನು ಕಟ್ಟೆಯ ಮೇಲೆಯೇ ಉರುಳಿಕೊಂಡ ಸದ್ದು. ಆಯಿ ಅಂಗಳಕ್ಕೆ ನೀರು ಹೊಡೆದು ಬಂದಿದ್ದಾಳೆ.

ಐದು. ಚಾಪೆಯ ಮೇಲೆ ಮೊಬೈಲು ನಡುಗುತ್ತ ಬೆಳಕು ಚೆಲ್ಲುತ್ತದೆ. ಹುಡುಗನ ರೆಪ್ಪೆಯೂ ಅಲ್ಲಾಡುವುದಿಲ್ಲ. ನೀವು ಕೈ ಚಾಚುವ ಮೊದಲೇ ಆಯಿ ಬಗ್ಗಿ ಅದನ್ನು ಎತ್ತಿಕೊಳ್ಳುತ್ತಾಳೆ. ತಲೆಕೆಳಗಾಗಿ ಹಿಡಿದು, ತಿರುಗಿಸಿ, ಹಸಿರು ಗುಂಡಿಯನ್ನು ಎಣ್ಣೆಯ ಬೆರಳಿನಿಂದ ಎರಡು ಸಲ ಒತ್ತಿ, ಮೂರನೆಯ ಸಲ ಸರಿಸುತ್ತಾಳೆ.

"ಎದ್ದಾನ್ರೀ ಸರ್," ಎನ್ನುತ್ತಾಳೆ, ದನಿ ತಗ್ಗಿಸಿ. "ಓದಾಕ ಕುಂತಾನ."

ಫೋನು ಕಟ್ ಮಾಡುವುದು ಅವಳಿಗೆ ಗೊತ್ತಿಲ್ಲ. ಇನ್ನೂ "ಹಲೋ, ಹಲೋ" ಎನ್ನುತ್ತಿರುವ ಅದನ್ನು ಬೋರಲು ಹಾಕಿ, ಮೇಲೆ ನಿಮ್ಮ ಕೌದಿಯ ಮೂಲೆ ಎಳೆದು ಮುಚ್ಚಿ, ಒಲೆಯ ಕಡೆ ಹೋಗುತ್ತಾಳೆ.